ಕ್ಯಾಲೆಂಡರಿನ ಹಿಂಬದಿಯ ನಕ್ಷೆ

ಕೊಡಗಿನ ಚೆಟ್ಟಳ್ಳಿಯ ಸಮೀಪವಿರುವ ನಮ್ಮ ಸಣ್ಣ ತೋಟದಲ್ಲಿ ರೊಬಸ್ಟಾ ಕಾಫಿ ಹಣ್ಣನ್ನು ಇಡಿಯಾಗಿಯೇ ಒಣಗಿಸಿ ಚೆರಿ ಮಾಡುತ್ತೇವೆ. ಒಳ್ಳೆಯ ಬಿಸಿಲಿದ್ದರೂ ಅದಕ್ಕೆ 12ರಿಂದ 15 ದಿನ ಬೇಕಾಗುವುದರಿಂದ, ಕೊಯ್ಲು ಬಿರುಸಾಗುವ ಜನವರಿಯಲ್ಲಿ ನಮ್ಮ ಸಿಮೆಂಟ್ ಕಣ ಸಾಲುತ್ತಿರಲಿಲ್ಲ. ಪಕ್ಕದ 50 ಅಡಿ ಉದ್ದ, 40 ಅಡಿ ಅಗಲದ ಖಾಲಿ ಜಾಗದಲ್ಲಿ ಬಲೆ ಹಾಸಿದ ಅಟ್ಟಣೆಗಳನ್ನು ಕಟ್ಟಿ ಅಲ್ಲಿಯೂ ಒಣಗಿಸಬೇಕೆಂಬ ಯೋಚನೆ ಮೂರು ವರ್ಷ ಬರೀ ಮಾತಿನಲ್ಲೇ ಉಳಿದಿತ್ತು.

ಕೊನೆಗೊಂದು ಸಂಜೆ ಗ್ರಾಫ್ ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ 2 ಅಡಿಯ ಲೆಕ್ಕದಲ್ಲಿ, ಸ್ಕೇಲು ಹಿಡಿದು, 20 ಅಡಿ ಉದ್ದ ಮತ್ತು 4 ಅಡಿ ಅಗಲದ ಆರು ಅಟ್ಟಣೆಗಳನ್ನು ಬರೆದು ಶಾಯಿಯಿಂದ ತಿದ್ದಿದೆ. ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಚೆನ್ನಾಗಿದೆ ಅಮ್ಮಾ” ಎಂದು ಹಿಂದಿರುಗಿಸಿದರು. ಅಷ್ಟು ಅಚ್ಚುಕಟ್ಟಾದ ಹಾಳೆಯ ಮೇಲೆ ತಪ್ಪು ತೋರಿಸಲು ಅವರಿಗೆ ಸಂಕೋಚವಾಗಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

ಮಾರನೆಯ ದಿನ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅದೇ ನಕ್ಷೆಯನ್ನು ಪೆನ್ಸಿಲಿನಿಂದ ಒರಟಾಗಿ ಗೀಚಿ, ಪೆನ್ಸಿಲನ್ನೂ ಅದರ ಮೇಲೇ ಇಟ್ಟು, ಕಣದ ಕಟ್ಟೆಯ ಮೇಲೆ ಹರಡಿದೆ. ಈ ಸಲ ಅವರು ತಾವೇ ಪೆನ್ಸಿಲ್ ತೆಗೆದುಕೊಂಡು ಒಂದು ಅಟ್ಟಣೆಯ ಮೇಲೆ ಅಡ್ಡಗೆರೆ ಎಳೆದರು. “ಮೋಡ ಕಟ್ಟಿದ್ರೆ ಟಾರ್ಪಾಲು ಎಳೆಯೋರು ಎಲ್ಲಿ ನಿಲ್ಲೋದು?” ಎಂದರು. ಎರಡು ಅಟ್ಟಣೆಗಳ ನಡುವೆ ನಾನು ಬಿಟ್ಟಿದ್ದು 2 ಅಡಿ ಮಾತ್ರ. ತುಂಬಿದ ಬುಟ್ಟಿ ಹೊತ್ತವರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾಗುತ್ತಿತ್ತು. ಆರು ಐದಾಯಿತು, ದಾರಿ ಮೂರೂವರೆ ಅಡಿಯಾಯಿತು.

ಬಳಿಕ ನೆರಳಿನ ವಿಚಾರ ಬಂತು. ಜಾಗದ ದಕ್ಷಿಣದ ಅಂಚಿನಲ್ಲಿ ಮೂರು ಸಿಲ್ವರ್ ಓಕ್ ಮರಗಳಿವೆ. ಮೂರಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿರುವುದರಿಂದ ಕಡಿಯುವ ಮಾತೇ ಇಲ್ಲ. ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ, 40 ಅಡಿಯ ಮರದ ನೆರಳು ಆಗಲೂ ಉತ್ತರಕ್ಕೆ ಸುಮಾರು 29 ಅಡಿ ಚಾಚುತ್ತದೆ. ಬೆಳಿಗ್ಗೆ ಹತ್ತು, ಹನ್ನೆರಡು, ಎರಡು ಮತ್ತು ನಾಲ್ಕು ಗಂಟೆಗೆ ನೆರಳಿನ ಅಂಚಿಗೆ ಸುಣ್ಣದ ಪುಡಿ ಉದುರಿಸಿ, ಅಳೆದು, ಹಾಳೆಯಲ್ಲಿ ಪ್ರತಿ ನೆರಳಿಗೂ ಓರೆ ಗೆರೆಗಳನ್ನು ತುಂಬಿದೆ. ಗೆರೆಯ ಮೇಲೆ ಗೆರೆ ಬಿದ್ದು ಕಪ್ಪಗಾದ ದಕ್ಷಿಣದ ಭಾಗವನ್ನು ದಾರಿಗೂ ಖಾಲಿ ಚೀಲಗಳಿಗೂ ಬಿಟ್ಟು, ಅಟ್ಟಣೆಗಳನ್ನು ಉತ್ತರಕ್ಕೆ ಸರಿಸಿದೆವು. ಮರಗಳನ್ನು ಇಷ್ಟು ವರ್ಷದಿಂದ ದಿನವೂ ನೋಡುತ್ತಿದ್ದೇನೆ. ಅವುಗಳ ನೆರಳು ಎಲ್ಲೆಲ್ಲಿ ಓಡಾಡುತ್ತದೆಂಬುದು ಮಾತ್ರ ಕಾಗದಕ್ಕೆ ಇಳಿದಾಗಲೇ ಕಣ್ಣಿಗೆ ಬಿತ್ತು.

ಆ ನಕ್ಷೆಯನ್ನು ಅದೇ ಸುಣ್ಣದಿಂದ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಕೆಲಸದವರು ಬುಟ್ಟಿ ಹೊತ್ತು ನಡೆದು ನೋಡಿದ ಮೇಲೆ, ಬಿದಿರಿನ ಗೂಟ ಮತ್ತು ಅಡಿಕೆ ದಬ್ಬೆಯಿಂದ ಮೊದಲು ಒಂದೇ ಅಟ್ಟಣೆ ಕಟ್ಟಿದೆವು. ಎತ್ತರ 3 ಅಡಿ ಎಂದು ಬರೆದಿದ್ದೆ. ಹಣ್ಣು ಕೈಯಾಡಿಸುವ ಹೆಂಗಸರು ಬೆನ್ನು ಬಗ್ಗುತ್ತದೆ ಎಂದಿದ್ದರಿಂದ ಇನ್ನೂ ಅರ್ಧ ಅಡಿ ಏರಿಸಿದೆವು. ಉಳಿದ ನಾಲ್ಕು ಒಂದು ವಾರದಲ್ಲಿ ಎದ್ದವು.

ಒಂದು ತಪ್ಪು ಮಾತ್ರ ಫೆಬ್ರವರಿಯ ಮಳೆ ಬರುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಬರೆದದ್ದೆಲ್ಲ ಮೇಲಿನಿಂದ ಕಂಡಂತೆ. ನೆಲದ ಇಳಿಜಾರು ಅಂಥ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಕಾಫಿ ಹೂವಿಗೆ ಹದವಾದ ಆ ಮಳೆಯನ್ನು ಬಯ್ಯುವಂತೆಯೂ ಇರಲಿಲ್ಲ, ಆದರೆ ಎರಡು ಅಟ್ಟಣೆಗಳ ಕೆಳಗೆ ನೀರು ನಿಂತು, ತಳದ ತೇವಕ್ಕೆ ಚೆರಿ ಮತ್ತೆ ಮೆತ್ತಗಾಯಿತು. ಒಣಗಿದ ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಅಂದು ಸದ್ದೇ ಇಲ್ಲ. ನೆಲ ಒಣಗಿದ ಮೇಲೆ ಬಕೆಟ್ ನೀರು ಸುರಿದು ಅದು ಹರಿದ ದಿಕ್ಕಿಗೆ ಬಾಣ ಹಾಕಿ, ಪಕ್ಕದಿಂದ ಕಂಡಂತೆ ಇನ್ನೊಂದು ಚಿತ್ರ ಬರೆದು, ಚರಂಡಿ ತೋಡಿಸಿದೆ.

ಆ ಕ್ಯಾಲೆಂಡರ್ ಹಾಳೆ ಈಗ ಗೋದಾಮಿನ ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿದೆ. ಈ ಸಲದ ಕೊಯ್ಲಿಗೆ ಮುಂಚೆ ನೋಡಿದರೆ, ಕಣದ ಮೂಲೆಯಲ್ಲಿ ನಾನು ಬರೆಯದ ಒಂದು ಚೌಕವಿತ್ತು. ಮೇಸ್ತ್ರಿಯನ್ನು ಕೇಳಿದಾಗ, ಟಾರ್ಪಾಲು ಮಡಚಿಡುವ ಜಾಗವೆಂದರು.