ಶಿವನೆ ಮರದಲ್ಲೊಂದು ಪೆನ್ಸಿಲ್

ಸಾಗವಾನಿ ಹಲಗೆಯ ಮೇಲೆ ಗೆರೆ ಎಳೆಯುವುದು ಕಾಗದದ ಮೇಲೆ ಎಳೆದಷ್ಟು ಸುಲಭವಲ್ಲ. ಮರದ ಎಳೆ ಪೆನ್ಸಿಲ್ಲಿನ ಮೊನೆಯನ್ನು ತನ್ನ ದಿಕ್ಕಿಗೆ ಸೆಳೆಯುತ್ತದೆ. ಮೊನೆ ಗಟ್ಟಿಯಿದ್ದರೆ ಮರಕ್ಕೆ ಗೀರು ಬೀಳುತ್ತದೆ, ಪಾಲಿಶ್ ಹಾಕಿದ ಮೇಲೂ ಆ ಗೀರು ಬೆಳಕಿಗೆ ಎದ್ದು ಕಾಣುತ್ತದೆ. ಮೆತ್ತಗಿದ್ದರೆ ಎರಡು ಬಳ್ಳಿ ಬರೆಯುವಷ್ಟರಲ್ಲಿ ಮೊಂಡಾಗಿ ಗೆರೆ ದಪ್ಪವಾಗುತ್ತದೆ. ಆ ದಪ್ಪ ಗೆರೆಯ ಯಾವ ಅಂಚಿಗೆ ಉಳಿ ಇಡಬೇಕು ಎಂಬುದೇ ತಿಳಿಯುವುದಿಲ್ಲ. ಶಿರಸಿಯಲ್ಲಿ ಬಾಗಿಲು, ದೇವರ ಮಂಟಪ, ಪಲ್ಲಕ್ಕಿಯ ಕೆತ್ತನೆ ಮಾಡುತ್ತ ಬಂದ ನಾನು ಈ ತೊಡಕನ್ನು ಮರದ ಗುಣವೆಂದೇ ತಿಳಿದು ಐದಾರು ರೂಪಾಯಿಯ ಪೆನ್ಸಿಲ್ಲಿನಲ್ಲಿ ಕೆಲಸ ಸಾಗಿಸುತ್ತಿದ್ದೆ.

ಕುಮಟಾ ಕಡೆಯ ಗಿರಾಕಿಯೊಬ್ಬರು ಮುಂಬಾಗಿಲಿನ ಚೌಕಟ್ಟು ಮಾಡಿಸಲು ಬಂದಾಗ, ಜಪಾನಿನಲ್ಲಿರುವ ಮಗ ಕಳಿಸಿದ್ದೆಂದು ಹೈ-ಯೂನಿ ಎಂಬ ಪೆನ್ಸಿಲ್ಲುಗಳ ಒಂದು ಡಬ್ಬಿ ಕೊಟ್ಟರು. ಕಡುಗೆಂಪು ಬಣ್ಣ, ತುದಿಯಲ್ಲಿ ಚಿನ್ನದ ಬಣ್ಣದ ಪಟ್ಟಿ. ಅದರಲ್ಲಿ ಗಟ್ಟಿ ಮೊನೆಯ 2ಎಚ್ ತೆಗೆದು ಸಾಗವಾನಿಯ ಮೇಲೆ ಒಂದು ಸುರುಳಿ ಬಳ್ಳಿ ಬರೆದೆ. ಗೆರೆ ಕೂದಲಿನಷ್ಟು ತೆಳ್ಳಗೆ, ಆದರೆ ದೂರದಿಂದಲೂ ಕಾಣುವಷ್ಟು ಕಪ್ಪಗೆ ಬಂತು. ಮರಕ್ಕೆ ಗೀರು ಬೀಳಲಿಲ್ಲ. ಇಂಥ ಪೆನ್ಸಿಲ್ಲಿಗೆ ನಮ್ಮಲ್ಲಿ ಒಂದಕ್ಕೆ ಇನ್ನೂರು ರೂಪಾಯಿಯ ಆಸುಪಾಸು ಬೀಳುತ್ತದೆ ಎಂದು ಆಮೇಲೆ ತಿಳಿಯಿತು. ಒಂದು ಗೇಣೂ ಇಲ್ಲದ ಕಡ್ಡಿಗೆ ಇಷ್ಟು ಹಣ ಏಕೆ ಎಂದು ಯಾರನ್ನಾದರೂ ಕೇಳುವ ಬದಲು ನಾನೇ ಒಂದು ಪೆನ್ಸಿಲ್ ಮಾಡಿ ನೋಡುವುದೆಂದು ನಿಶ್ಚಯಿಸಿದೆ. ಮರ ನನ್ನದೇ ಕಸುಬು, ಉಳಿ ಕೈಯಲ್ಲೇ ಇದೆ. ಹೀಗೆ ಮಾಡುತ್ತ ಹೋದಾಗ ಬೆಲೆಯ ಗುಟ್ಟು ಒಂದೊಂದಾಗಿ ಬಿಚ್ಚಿಕೊಂಡಿತು. ಅದರ ದೊಡ್ಡ ಪಾಲು ನಾವೆಲ್ಲ ನೋಡುವ ಕಪ್ಪು ಕಡ್ಡಿಯಲ್ಲಿ ಇಲ್ಲ, ಕೆತ್ತಿ ಎಸೆಯುವ ಮರದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕಡ್ಡಿಯ ಮಾತು. ಅದರೊಳಗೆ ಸೀಸವಿಲ್ಲ, ಇರುವುದು ಗ್ರಾಫೈಟ್. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಸಿಕ್ಕ ಗ್ರಾಫೈಟ್ ಎಷ್ಟು ಶುದ್ಧವಾಗಿತ್ತೆಂದರೆ ಅದನ್ನು ನೇರವಾಗಿ ಕೊಯ್ದು ಕಡ್ಡಿ ಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನೊಡನೆ ಯುದ್ಧ ನಡೆದಾಗ ಫ್ರಾನ್ಸಿಗೆ ಆ ಗ್ರಾಫೈಟ್ ಸಿಗದಂತಾಯಿತು. ಆಗ ನಿಕೊಲಾ-ಜಾಕ್ ಕೊಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಕಡ್ಡಿ ಮಾಡಿ, ಗೂಡಿನಲ್ಲಿ ಸುಡುವ ವಿಧಾನ ಕಂಡುಹಿಡಿದು 1795ರಲ್ಲಿ ಪೇಟೆಂಟ್ ಪಡೆದ. ಇಂದಿಗೂ ಜಗತ್ತಿನ ಬಹುಪಾಲು ಗ್ರಾಫೈಟ್ ಪೆನ್ಸಿಲ್ಲುಗಳ ಮೂಲ ಅದೇ. ಮಣ್ಣು ಹೆಚ್ಚಿದ್ದರೆ ಕಡ್ಡಿ ಗಟ್ಟಿ, ಅದು ಎಚ್. ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ, ಕಪ್ಪು ಹೆಚ್ಚು, ಅದು ಬಿ.

ಅಗ್ಗದ ಪೆನ್ಸಿಲ್ಲಿಗೂ ದುಬಾರಿ ಪೆನ್ಸಿಲ್ಲಿಗೂ ಇಲ್ಲಿ ಬರುವ ವ್ಯತ್ಯಾಸ ಅರೆಯುವುದರಲ್ಲಿದೆ. ಅಗ್ಗದ್ದರಲ್ಲಿ ಬರೆಯುವಾಗ ನಡುವೆ ಕರಕರ ಎಂದು ಹರಳು ಸಿಕ್ಕಿದಂತಾಗುತ್ತದೆ. ಅದು ನುಣ್ಣಗೆ ಅರೆಯದೆ ಉಳಿದ ಮಣ್ಣು ಅಥವಾ ಕಲ್ಮಶ. ನನ್ನ ಸಾಗವಾನಿ ಹಲಗೆಗೆ ಗೀರು ಹಾಕುತ್ತಿದ್ದುದು ಅದೇ. ಒಳ್ಳೆಯ ಕಂಪನಿಗಳು ಗ್ರಾಫೈಟನ್ನೂ ಮಣ್ಣನ್ನೂ ಬಹಳ ಹೊತ್ತು, ಬಹಳ ನುಣ್ಣಗೆ ಅರೆಯುತ್ತವೆ. ಸಣ್ಣ ರಂಧ್ರದಿಂದ ಶ್ಯಾವಿಗೆಯಂತೆ ಒತ್ತಿ ತೆಗೆದು, ಒಣಗಿಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಆಮೇಲೆ ಬಿಸಿ ಮೇಣದಲ್ಲಿ ಅದ್ದುತ್ತವೆ. ಸುಟ್ಟ ಕಡ್ಡಿಯ ಸೂಕ್ಷ್ಮ ರಂಧ್ರಗಳಿಗೆ ಮೇಣ ಇಳಿಯುತ್ತದೆ. ಕಾಗದದ ಮೇಲೆ ಜಾರುವ ಗುಣ ಬರುವುದು ಅದರಿಂದ.

ಇದನ್ನು ನನ್ನ ಕೊಟ್ಟಿಗೆಯಲ್ಲಿ ಮಾಡುವ ಆಸೆಯನ್ನೇ ಇಟ್ಟುಕೊಳ್ಳಲಿಲ್ಲ. ನಕ್ಷೆ ಬರೆಯುವವರು ಬಳಸುವ ಹಿಡಿಕೆ ಪೆನ್ಸಿಲ್ಲಿಗೆಂದು ಮಾರುವ 2 ಮಿ.ಮೀ. ದಪ್ಪದ ಕಡ್ಡಿಗಳನ್ನು ಹುಬ್ಬಳ್ಳಿಯಿಂದ ತರಿಸಿದೆ. ಅವುಗಳ ಉದ್ದ 130 ಮಿ.ಮೀ. ಮಾತ್ರ. ಅಂಗಡಿಯ ಪೆನ್ಸಿಲ್ 175 ಮಿ.ಮೀ. ಇರುತ್ತದೆ. ಹಾಗಾಗಿ ನನ್ನ ಪೆನ್ಸಿಲ್ ಹುಟ್ಟುವಾಗಲೇ ಸ್ವಲ್ಪ ಗಿಡ್ಡ.

ಇನ್ನು ಮರ. ಪೆನ್ಸಿಲ್ಲಿನ ಮರಕ್ಕೆ ಬೇಕಾದ ಗುಣಗಳು ನಾವು ಬಾಗಿಲಿಗೆ ಹುಡುಕುವ ಗುಣಗಳಿಗೆ ಬಹುಮಟ್ಟಿಗೆ ವಿರುದ್ಧ. ಮೆತ್ತಗಿರಬೇಕು, ಆದರೆ ಪಿಸುಕಬಾರದು. ಎಳೆ ನೆಟ್ಟಗಿರಬೇಕು, ಗಂಟು ಇರಲೇಬಾರದು. ಎಳೆಗೆ ಅಡ್ಡವಾಗಿ ಕೊಯ್ದರೂ ಸಿಪ್ಪೆ ಚೂರಾಗದೆ ಸುರುಳಿಯಾಗಿ ಬರಬೇಕು. ಮಳೆಯಲ್ಲಿ ಉಬ್ಬಿ ಬಿಸಿಲಲ್ಲಿ ಬಾಗಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಇಷ್ಟೆಲ್ಲ ಒಂದೇ ಮರದಲ್ಲಿ ಸಿಗುವುದು ಅಪರೂಪ. ಹಿಂದೆ ಅಮೆರಿಕದ ಪೂರ್ವ ಭಾಗದ ಕೆಂಪು ಸೀಡರ್ ಇದಕ್ಕೆ ಹೆಸರಾಗಿತ್ತು. ಅದನ್ನು ಕಡಿದು ಕಡಿದು ಕಳೆದ ಶತಮಾನದ ಆರಂಭದ ಹೊತ್ತಿಗೆ ಒಳ್ಳೆಯ ಮರವೇ ಸಿಗದಂತಾಯಿತು. ಆಗ ತಯಾರಕರು ಕ್ಯಾಲಿಫೋರ್ನಿಯಾ ಮತ್ತು ಓರೆಗಾನ್ ಬೆಟ್ಟಗಳ ಇನ್ಸೆನ್ಸ್ ಸೀಡರ್ ಕಡೆಗೆ ತಿರುಗಿದರು. ಇಂದಿನ ದುಬಾರಿ ಪೆನ್ಸಿಲ್ಲುಗಳಲ್ಲಿ ಹೆಚ್ಚಿನವು ಆ ಮರದವು. ಹೊಸ ಪೆನ್ಸಿಲ್ ಕೆತ್ತಿದಾಗ ಬರುವ ಪರಿಮಳ ಅದರದ್ದೇ. ನಮ್ಮ ದೇಶದ ಪೆನ್ಸಿಲ್ಲುಗಳಿಗೆ ಬೇಕಾದ ತೆಳು ಹಲಗೆಯ ಪಟ್ಟಿ ಬಹುಪಾಲು ಕಾಶ್ಮೀರದ ಪಾಪ್ಲರ್ ಮರದಿಂದ ಬರುತ್ತದೆ. ಪುಲ್ವಾಮಾ ಜಿಲ್ಲೆಯಲ್ಲಿ ಈ ಕೆಲಸದಿಂದಲೇ ಪೆನ್ಸಿಲ್ ಹಳ್ಳಿ ಎಂದು ಹೆಸರಾದ ಊರೂ ಇದೆ. ಬೇಗ ಬೆಳೆಯುವ, ಅಗ್ಗದ, ಮೆತ್ತಗಿನ ಮರ ಅದು. ಮಕ್ಕಳಿಗೆ ಐದಾರು ರೂಪಾಯಿಗೆ ಪೆನ್ಸಿಲ್ ಸಿಗುತ್ತಿದ್ದರೆ ಆ ಪಾಪ್ಲರಿನ ಉಪಕಾರ ಬಹಳ ಇದೆ, ಅದನ್ನು ಹೀಗಳೆಯುವ ಮಾತೇ ಇಲ್ಲ.

ಸೀಡರ್ ನನಗೆಲ್ಲಿ ಸಿಗಬೇಕು? ನಮ್ಮ ಘಟ್ಟದ ಮರಗಳನ್ನೇ ಒಂದೊಂದಾಗಿ ನೋಡಿದೆ. ಸಾಗವಾನಿ ಬಾಗಿಲಿಗೆ ರಾಜ, ಪೆನ್ಸಿಲ್ಲಿಗೆ ಅಲ್ಲ. ಅದರಲ್ಲಿರುವ ಸಿಲಿಕಾ ಎಂಬ ಮರಳಿನಂಶ ಮೆಂಡರಿನ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಎಣ್ಣೆಯಂಶಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಲಸಿನ ಬಣ್ಣ ಚೆಂದ, ಆದರೆ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಮೆಂಡರಿನಲ್ಲಿ ಚಕ್ಕೆ ಏಳುತ್ತದೆ. ಪರಿಚಯದವರ ಅಡಿಕೆ ತೋಟದಂಚಿನಲ್ಲಿ ಗಾಳಿಗೆ ಬಿದ್ದ ಹಾಲೆ ಮರದ ಕೊಂಬೆಯೊಂದು ಸಿಕ್ಕಿತು. ಏಳೆಲೆಗಳ ಗೊಂಚಲಿನ ಈ ಸಪ್ತಪರ್ಣಿ ಹಿಂದೆ ಶಾಲೆಯ ಮಕ್ಕಳ ಬರೆಯುವ ಹಲಗೆಗೆ ಬಳಕೆಯಾಗುತ್ತಿದ್ದ ಮರ. ಇದರ ಬಳಗದ ಮರಗಳಿಂದ ಆಗ್ನೇಯ ಏಷ್ಯಾದಲ್ಲಿ ಪೆನ್ಸಿಲ್ಲನ್ನೂ ಮಾಡುತ್ತಾರೆ. ಬೆಳ್ಳಗೆ, ಹಗುರ, ಬೆಣ್ಣೆಯಂತೆ ಕೊಯ್ಯಲು ಬರುತ್ತದೆ. ಆದರೆ ಬಿದ್ದ ಕೂಡಲೇ ಸೀಳಿ ಒಣಗಿಸದಿದ್ದರೆ ಶಿರಸಿಯ ಮಳೆಗಾಲದಲ್ಲಿ ಒಳಗಿನಿಂದಲೇ ನೀಲಿ ಕಲೆ ಹರಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಎಲ್ಲ ಪಟ್ಟಿಗಳೂ ಬೆಳ್ಳಗೆ ಉಳಿಯುವುದಿಲ್ಲ.

ಕೊನೆಗೆ ಕೈಹಿಡಿದದ್ದು ಶಿವನೆ. ತೆಳು ಹಳದಿ ಬಣ್ಣ, ಹಗುರ. ಒಮ್ಮೆ ಒಣಗಿದ ಮೇಲೆ ಉಬ್ಬುವುದು, ಬಾಗುವುದು ಬಹಳ ಕಡಿಮೆ. ಆದರೆ ಪೂರ್ತಿ ಹಲಗೆ ಬಳಸಲು ಬರುವುದಿಲ್ಲ. ಎಳೆ ನೆಟ್ಟಗಿರುವ ಭಾಗವನ್ನಷ್ಟೇ ಆರಿಸಿ ತೆಗೆದೆ. ಒಂದು ಹಲಗೆಯಲ್ಲಿ ಪೆನ್ಸಿಲ್ಲಿಗೆ ಒದಗಿದ್ದು ಕಾಲು ಭಾಗವೂ ಇಲ್ಲ. ಉಳಿದದ್ದನ್ನು ನಾನು ಸಣ್ಣ ಡಬ್ಬಿ, ಪೀಠಗಳಿಗೆ ಬಳಸಬಹುದು. ಪೆನ್ಸಿಲ್ ಮಾತ್ರ ಮಾಡುವವರಿಗೆ ಆ ಅನುಕೂಲವಿಲ್ಲ. ಆರಿಸಿ ಬಿಟ್ಟ ಮರದ ಬೆಲೆಯನ್ನೂ ಆರಿಸಿದ್ದರ ಮೇಲೆಯೇ ಹೊರಿಸಬೇಕು. ಒಳ್ಳೆಯ ಪೆನ್ಸಿಲ್ ದುಬಾರಿಯಾಗುವುದು ನನಗೆ ಮೊದಲು ಮನದಟ್ಟಾದದ್ದು ಇಲ್ಲಿ.

ಪೆನ್ಸಿಲ್ಲಿನ ಮರ ಒಂದೇ ತುಂಡಲ್ಲ. ಎರಡು ಪಟ್ಟಿಗಳಲ್ಲಿ ಅರ್ಧವೃತ್ತದ ತೋಡು ತೆಗೆದು, ನಡುವೆ ಕಡ್ಡಿ ಇಟ್ಟು, ಅಂಟು ಹಾಕಿ ಒಂದಾಗಿಸುತ್ತಾರೆ. ಕಾರ್ಖಾನೆಯಲ್ಲಿ ಅಗಲದ ಪಟ್ಟಿಗೆ ಸಾಲಾಗಿ ತೋಡು ಹಾಕಿ, ಅಂಟಿಸಿದ ಮೇಲೆ ಒಂದೊಂದೇ ಪೆನ್ಸಿಲ್ಲಾಗಿ ಬೇರ್ಪಡಿಸುತ್ತಾರೆ. ನಾನು ಒಂದು ಪೆನ್ಸಿಲ್ಲಿಗೆ ಎರಡು ಪಟ್ಟಿಯಂತೆ ಕೀಸುಳಿಯಲ್ಲಿ ಹದ ಮಾಡಿಕೊಂಡೆ. ತೋಡಿನ ಆಳ ಸರಿಯಾಗಿ 1 ಮಿ.ಮೀ. ಇರಬೇಕು. ಅಷ್ಟು ಸಣ್ಣ ಗುಂಡುಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಮುರಿದ ಕೊಡೆಯ ಕಡ್ಡಿಯನ್ನು ಕತ್ತರಿಸಿ, ಅದರ ತುದಿಯನ್ನು ಮಸೆಕಲ್ಲಿಗೆ ಹಿಡಿದು ಹರಿತ ಮಾಡಿದೆ. ಕೊಡೆಯ ಕಡ್ಡಿ ಉದ್ದಕ್ಕೂ ತೋಡಿನ ಆಕಾರದಲ್ಲೇ ಇರುತ್ತದೆ, ಉಕ್ಕೂ ಒಳ್ಳೆಯದು. ಸೂಕ್ಷ್ಮ ಕೆತ್ತನೆಗೆ ಇದನ್ನು ಬಳಸುವುದು ನಮ್ಮ ಕಸುಬಿನವರಿಗೆ ಹೊಸತಲ್ಲ, ಮತ್ತು ನಮ್ಮೂರಿನಲ್ಲಿ ಮುರಿದ ಕೊಡೆಗೆ ಬರವಿಲ್ಲ.

ಎರಡು ತೋಡುಗಳ ಆಳದಲ್ಲಿ ಕೂದಲೆಳೆಯ ಅಂತರ ಬಂದರೂ ಕಡ್ಡಿ ನಟ್ಟನಡುವೆ ಕೂರುವುದಿಲ್ಲ. ಹಾಗಾದ ಪೆನ್ಸಿಲ್ಲನ್ನು ಮೆಂಡರಿನಲ್ಲಿ ತಿರುಗಿಸಿದಾಗ ಒಂದು ಕಡೆ ಕಡ್ಡಿ ತೆರೆದುಕೊಂಡರೆ ಇನ್ನೊಂದು ಕಡೆ ಮರ ಮೊನೆಯ ತನಕ ಏರಿ ಬರುತ್ತದೆ, ಎಷ್ಟು ಕೆತ್ತಿದರೂ ಮೊನೆ ಮುರಿಯುತ್ತದೆ. ಮಕ್ಕಳು ಕೆತ್ತಿ ಕೆತ್ತಿ ಒಂದೇ ದಿನದಲ್ಲಿ ಪೆನ್ಸಿಲ್ ಮುಗಿಸಿದರೆಂದು ಬೈಯುವ ಮೊದಲು ಪೆನ್ಸಿಲ್ಲಿನ ಹಿಂಬದಿಯನ್ನು ನೋಡಬೇಕು. ತಪ್ಪು ಮಕ್ಕಳದ್ದಾಗಿರುವುದು ಕಡಿಮೆ. ಕಡ್ಡಿಯ ಇಡೀ ಉದ್ದಕ್ಕೂ ಅಂಟು ಹಿಡಿದಿರುವುದು ಅಷ್ಟೇ ಮುಖ್ಯ. ಅಂಟು ಬಿಟ್ಟ ಕಡೆ ಕಡ್ಡಿ ಒಳಗೇ ತುಂಡಾಗಿ, ಕೆತ್ತಿದಾಗ ಜಾರಿ ಬೀಳುತ್ತದೆ. ನಾನು ಬಳಸಿದ್ದು ಮರಗೆಲಸದ ಬಿಳಿ ಅಂಟು, ಅದರಲ್ಲೂ ನೀರಿಗೆ ತಡೆಯುವ ಬಗೆಯದ್ದು. ಎರಡು ದಪ್ಪ ಹಲಗೆಗಳ ನಡುವೆ ಇಟ್ಟು ಬಿಗಿದು, ಪೂರ್ತಿ ಒಣಗುವವರೆಗೆ ಮುಟ್ಟಲಿಲ್ಲ.

ಆಮೇಲೆ ಆರು ಮೂಲೆ ತೆಗೆಯುವ ಕೆಲಸ. ಅದಕ್ಕೊಂದು ಮರದ ಅಚ್ಚು ಮಾಡಿ, ಅದರೊಳಗೆ ಪೆನ್ಸಿಲ್ ಇಟ್ಟು ಕೀಸುಳಿ ಆಡಿಸಿದೆ. ಮೇಲ್ಮೈಗೆ ಅರಗಿನ ಪಾಲಿಶ್. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಹಚ್ಚಿ, ಒಣಗಿಸಿ, ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಮತ್ತೆ ಹಚ್ಚಬೇಕು. ಆಷಾಢದ ತೇವದಲ್ಲಿ ಹಚ್ಚಿದರೆ ಅರಗು ಬಿಳಿಚಿಕೊಳ್ಳುತ್ತದೆ, ಅದಕ್ಕಾಗಿ ಬಿಸಿಲಿನ ದಿನಗಳನ್ನೇ ಕಾಯಬೇಕು. ಕಾರ್ಖಾನೆಗಳಲ್ಲೂ ಬಣ್ಣವನ್ನು ಒಂದೇ ಸಲಕ್ಕೆ ದಪ್ಪಗೆ ಬಳಿಯುವುದಿಲ್ಲ. ತೆಳು ಪದರವೊಂದು ಒಣಗಿದ ಮೇಲೆ ಇನ್ನೊಂದು. ಪೆನ್ಸಿಲ್ ದುಬಾರಿಯಾದಷ್ಟೂ ಪದರಗಳು ಹೆಚ್ಚು. ಬಣ್ಣವೂ ಮಾರಾಟದ ಒಂದು ದಾರಿ ಎಂದು ಬಹಳ ಹಿಂದೆಯೇ ತೋರಿಸಿದ್ದು ಹಾರ್ಟ್‌ಮುಟ್ ಎಂಬ ಪೆನ್ಸಿಲ್ ಕಂಪನಿ. 1889ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ತನ್ನ ಶ್ರೇಷ್ಠ ಪೆನ್ಸಿಲ್ಲಿಗೆ ನಮ್ಮ ಕೊಹಿನೂರ್ ವಜ್ರದ ಹೆಸರಿಟ್ಟು, ಹಳದಿ ಬಣ್ಣ ಬಳಿದು ತಂದಿತು. ಹಳದಿ ಎಂದರೆ ಒಳ್ಳೆಯ ಪೆನ್ಸಿಲ್ ಎಂಬ ನಂಬಿಕೆ ಅಲ್ಲಿಂದಲೇ ಹಬ್ಬಿತು.

ನನ್ನ ಪೆನ್ಸಿಲ್ಲುಗಳಲ್ಲಿ ಕೆಲವನ್ನು ಕಾರವಾರದಲ್ಲಿ ಚಿತ್ರಕಲಾ ಶಿಕ್ಷಕಿಯಾಗಿರುವ ತಂಗಿಗೆ ಕೊಟ್ಟೆ. ಕಡಲ ಗಾಳಿಯಲ್ಲಿ, ಇಡೀ ಮಳೆಗಾಲ ಬಳಸಿದ ಮೇಲೆ ಅವಳು ಹೇಳಿದಳು: “ಅಣ್ಣ, ಬೆಸುಗೆ ಎಲ್ಲೂ ಬಿಟ್ಟಿಲ್ಲ, ಸಿಪ್ಪೆಯೂ ಚೆನ್ನಾಗಿ ಬರುತ್ತದೆ. ಆದರೆ ಮೆಂಡರ್ ತಿರುಗಿಸಲು ಕೈಗೆ ಬಲ ಬೇಕು.” ಅವಳ ಮಾತು ನಿಜ. ಸೀಡರ್ ಪಟ್ಟಿಗಳಿಗೆ ಕಾರ್ಖಾನೆಯಲ್ಲಿ ಮೇಣ ಕುಡಿಸಿ ಇನ್ನಷ್ಟು ಮೆದು ಮಾಡಿರುತ್ತಾರೆ. ಶಿವನೆಗೂ ಹಾಗೆ ಮಾಡಿದರೆ ಅಂಟು ಹಿಡಿಯುತ್ತದೆಯೇ ಎಂಬುದನ್ನು ಈಗ ಪರೀಕ್ಷಿಸುತ್ತಿದ್ದೇನೆ.

ಮರ, ಕಡ್ಡಿ, ಅಂಟು, ಅರಗು ಮತ್ತು ನನ್ನ ಕೂಲಿ ಸೇರಿಸಿದರೆ ನನ್ನ ಒಂದು ಪೆನ್ಸಿಲ್ಲಿಗೆ 300 ರೂಪಾಯಿಗಿಂತ ಕಡಿಮೆ ಬೀಳುವುದಿಲ್ಲ. ಈ ಲೆಕ್ಕ ಕೈಯಲ್ಲಿದ್ದಾಗ ಅಂಗಡಿಯ ಬೆಲೆಗಳು ಬೇರೆಯಾಗಿಯೇ ಕಾಣುತ್ತವೆ. ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿ 1958ರಲ್ಲಿ ಯೂನಿ ತಂದಾಗ, ಅಲ್ಲಿ ಸಾಮಾನ್ಯ ಪೆನ್ಸಿಲ್ 10 ಯೆನ್ ಇದ್ದ ಕಾಲದಲ್ಲಿ ಅದರ ಬೆಲೆ 50 ಯೆನ್ ಇತ್ತು. 1966ರಲ್ಲಿ ಅದಕ್ಕೂ ಮಿಗಿಲಾದ ಹೈ-ಯೂನಿ ಬಂತು. ಮರುವರ್ಷವೇ ಟೊಂಬೊ ಕಂಪನಿ ಮೋನೊ 100 ತಂದು ಪೈಪೋಟಿಗೆ ನಿಂತಿತು. ಈ ಎರಡರಲ್ಲೂ ಕೊಟ್ಟ ಹಣ ಮರಕ್ಕೆ, ಅರೆತಕ್ಕೆ, ನಟ್ಟನಡುವೆ ಕೂತ ಕಡ್ಡಿಗೆ ಹೋಗಿದೆ. 1905ರಿಂದ ಬರುತ್ತಿರುವ ಫೇಬರ್-ಕ್ಯಾಸ್ಟೆಲ್ 9000 ಕೂಡ ಹಾಗೆಯೇ, ಬೆಲೆ ಮಾತ್ರ ಇವುಗಳಿಗಿಂತ ಕಡಿಮೆ. ಗಟ್ಟಿ ಮೊನೆಯ ಕೆಲಸಕ್ಕೆ ನಾನು ಅದನ್ನೇ ಹೆಚ್ಚು ಮೆಚ್ಚುತ್ತೇನೆ. ಸ್ವಿಟ್ಜರ್ಲೆಂಡಿನ ಕರಾನ್ ದಾಶ್ ಕಂಪನಿ ತನ್ನದೇ ನಾಡಿನ ಬೀಚ್ ಮರದಲ್ಲಿ ಪೆನ್ಸಿಲ್ ಮಾಡುತ್ತದೆ. ಗಟ್ಟಿ ಮರ, ಕೆತ್ತಲು ಕಷ್ಟ, ಆದರೂ ಊರಿನ ಮರವನ್ನೇ ಹಿಡಿದು ಹೊರಟ ಅವರ ಹಟ ನನಗೆ ಬಹಳ ಇಷ್ಟ.

ಅಮೆರಿಕದ ಬ್ಲ್ಯಾಕ್‌ವಿಂಗ್ 602 ಪೆನ್ಸಿಲ್ಲಿನ ಕಥೆ ಬೇರೆ. 1934ರಿಂದ ಬರುತ್ತಿದ್ದ ಅದು 1998ರಲ್ಲಿ ನಿಂತುಹೋಯಿತು. ಅಭಿಮಾನಿಗಳು ಹಳೆಯ ದಾಸ್ತಾನನ್ನು ಒಂದೊಂದಕ್ಕೆ ಹತ್ತಾರು ಡಾಲರ್ ಕೊಟ್ಟು ಕೊಂಡರು. 2010ರಲ್ಲಿ ಬೇರೆ ಕಂಪನಿಯೊಂದು ಆ ಹೆಸರಿಗೆ ಮರುಜೀವ ಕೊಟ್ಟಿತು. ಪೆನ್ಸಿಲ್ ಒಳ್ಳೆಯದೇ, ಆದರೆ ಬೆಲೆಯಲ್ಲಿ ಆ ಕಥೆಯ ಪಾಲೂ ಇದೆ. ಗ್ರಾಫ್ ಫಾನ್ ಫೇಬರ್-ಕ್ಯಾಸ್ಟೆಲ್ ಅವರ ಪರ್ಫೆಕ್ಟ್ ಪೆನ್ಸಿಲ್ ಅಂತೂ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಅದರ ಲೋಹದ ಟೊಪ್ಪಿಗೆಯೊಳಗೆ ಮೆಂಡರ್ ಇದೆ. ಅದೇ ಟೊಪ್ಪಿಗೆ ಮೊನೆಯನ್ನು ಕಾಯುತ್ತದೆ, ಗಿಡ್ಡವಾದ ಪೆನ್ಸಿಲ್ಲಿಗೆ ಹಿಡಿಕೆಯೂ ಆಗುತ್ತದೆ. ಜಾಣ ಕೆಲಸ. ಆದರೆ ಅಲ್ಲಿ ಬೆಲೆ ಪ್ಲಾಟಿನಂ ಲೇಪದ್ದು, ಹೆಸರಿನದ್ದು. ಬರೆಯುವ ಗೆರೆ ಇನ್ನೂರು ರೂಪಾಯಿಯ ಪೆನ್ಸಿಲ್ಲಿನದ್ದಕ್ಕಿಂತ ಮೇಲಾಗಲು ಆ ಲೋಹ ಏನನ್ನೂ ಮಾಡಲಾರದು.

ಕೊಳ್ಳುವವರು ಡಬ್ಬಿಯ ಮೇಲಿನ ಹೆಸರಿಗಿಂತ ಮೊದಲು ಪೆನ್ಸಿಲ್ಲಿನ ತೆರೆದ ತುದಿಯನ್ನು ಬೆಳಕಿಗೆ ಹಿಡಿದು ಕಡ್ಡಿ ನಡುವೆ ಇದೆಯೇ ನೋಡಲಿ. ನಯವಾದ ಮೇಜಿನ ಮೇಲೆ ಉರುಳಿಸಲಿ, ಬಾಗಿದ್ದರೆ ಅದು ಓಲಾಡುತ್ತ ಉರುಳುತ್ತದೆ. ಕೆತ್ತಿದ ಮೇಲೆ ಮರದ ಎಳೆ ಪೆನ್ಸಿಲ್ಲಿನ ಉದ್ದಕ್ಕೆ ನೇರವಾಗಿದೆಯೇ, ಓರೆಯಾಗಿ ಹೊರಗೆ ಹೋಗಿದೆಯೇ ಎಂದು ಗಮನಿಸಲಿ. ಓರೆ ಎಳೆಯ ಪೆನ್ಸಿಲ್ ಮೆಂಡರಿನಲ್ಲಿ ಚಕ್ಕೆ ಏಳುತ್ತದೆ. ಘಟ್ಟದ ಮೇಲೂ ಕರಾವಳಿಯಲ್ಲೂ ಇರುವವರು ಮಳೆಗಾಲದಲ್ಲಿ ಪೆನ್ಸಿಲ್ಲುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಒಳಗೆ ಒಂದು ಹಿಡಿ ಹುರಿದ ಅಕ್ಕಿಯ ಗಂಟು ಹಾಕಿಡಬಹುದು. ಅಕ್ಕಿ ತೇವ ಹೀರುತ್ತದೆ, ತಿಂಗಳಿಗೊಮ್ಮೆ ಮತ್ತೆ ಹುರಿದುಕೊಂಡರೆ ಸಾಕು.