ಟೈಟಲ್ ನೋಡಿ ಪೇಸ್ ಕಾರಿಗೆ ಬೆಲೆ ಕಟ್ಟಬೇಡಿ: ಅಮೆರಿಕದಲ್ಲಿರುವ ನಮ್ಮ ಕಡೆಯವರಿಗೆ

ಎರಡು ತಿಂಗಳ ರಜೆ ಹಾಕಿ ಬೀದರ್‌ಗೆ ಬಂದಿದ್ದೇನೆ. ಊರಿಗೆ ಬಂದ ಮೇಲೂ ಟೆಕ್ಸಾಸ್‌ನಿಂದ ಫೋನ್ ನಿಂತಿಲ್ಲ. ಮೊದಲು ಹುಮನಾಬಾದಿನ ಹುಡುಗ ಮಾಡಿದ. ಆಮೇಲೆ ಕಲಬುರಗಿಯ ಗಂಡ-ಹೆಂಡತಿ. ಹೋದ ವಾರ ಶಹಾಪುರದವನು. ಎಲ್ಲರ ಮಾತೂ ಒಂದೇ, ಷೆವರ್ಲೆ ಕಂಪನಿಯ ಕಾರ್ವೆಟ್ ಅನ್ನುವ ಸ್ಪೋರ್ಟ್ಸ್ ಕಾರಿನ ಬಗ್ಗೆ. "ಕಾಕಾ, ಹಳೇ ಕಾರ್ವೆಟ್ ಒಂದು ಮಾರಾಟಕ್ಕ ಅದ ರೀ. ಲಿಮಿಟೆಡ್ ಎಡಿಷನ್ ಅಂತ. ಪೇಪರ್ ಎಲ್ಲಾ ಕ್ಲಿಯರ್ ಅವ. ಮುಂದ ಮಾರಿದ್ರ ಎಷ್ಟು ಬರಬಹುದು?"

'ಪೇಪರ್ ಕ್ಲಿಯರ್' ಅಂದ ಕೂಡಲೇ ನನಗೆ ಭಯ ಆಗುತ್ತದೆ. 2016ರಲ್ಲಿ ಇದೇ ಮಾತು ನಂಬಿ ನಾನು 26,000 ಡಾಲರ್ ಕೊಟ್ಟೆ. ಮೂರು ವರ್ಷದ ಮೇಲೆ ಅದೇ ಕಾರು ಮಾರಿದಾಗ ಬಂದದ್ದು 13,500. ನಡುವೆ ಹಾಕಿದ ಟೈರು, ಬ್ರೇಕು, ಇನ್ಶೂರೆನ್ಸ್ ಲೆಕ್ಕಕ್ಕೆ ಹಿಡಿದಿಲ್ಲ. ಈಗ ಇವರೂ ಅದೇ ಹೆಜ್ಜೆ ಇಡುತ್ತಿರುವುದನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲೈಸೆನ್ಸ್, ನಂಬರ್ ಪ್ಲೇಟ್, ಕ್ಯಾಮ್ರಿ ಕೊಳ್ಳುವಾಗ ಕೆಲ್ಲಿ ಬ್ಲೂ ಬುಕ್ ಅನ್ನುವ ಬೆಲೆ ಪಟ್ಟಿ ನೋಡುವುದು, ಇದೆಲ್ಲ ನಿಮಗೆ ಗೊತ್ತು. ಬಿಡೋಣ. ಸಂಗ್ರಹಕ್ಕೆಂದು ಕೊಳ್ಳುವ ಹಳೆಯ ಕಾರಿನ ಲೆಕ್ಕವೇ ಬೇರೆ.

ನಾನು ಆಸೆಪಟ್ಟದ್ದು 1978ರ ಕಾರ್ವೆಟ್ ಪೇಸ್ ಕಾರು. ಇಂಡಿಯಾನಾಪೊಲಿಸ್ 500 ರೇಸ್ ಶುರುವಾಗುವಾಗ ಎಲ್ಲ ಕಾರುಗಳ ಮುಂದೆ ಓಡುವುದು ಪೇಸ್ ಕಾರು. 1978ರ ಮೇ 28ರಂದು ನಡೆದ 62ನೇ ರೇಸಿಗೆ ಕಾರ್ವೆಟ್ ಆಯ್ಕೆಯಾಗಿತ್ತು. ಅದೇ ವರ್ಷ ಕಾರ್ವೆಟ್‌ಗೆ 25 ವರ್ಷ. ಷೆವರ್ಲೆ ಕಂಪನಿ ಅದರ ನೆನಪಿಗೆ ಪೇಸ್ ಕಾರಿನ ಹಾಗೇ ಕಾಣುವ ಕಾರುಗಳನ್ನು ಮಾಡಿ ಮಾರಿತು. ಮೇಲೆ ಕಪ್ಪು, ಕೆಳಗೆ ಬೆಳ್ಳಿ ಬಣ್ಣ, ನಡುವೆ ತೆಳ್ಳನೆಯ ಕೆಂಪು ಗೆರೆ. ಒಳಗೆ ಬೆಳ್ಳಿ ಬಣ್ಣದ ಸೀಟು, ತಲೆ ಮೇಲೆ ಟಿ-ಟಾಪ್, ಅಂದರೆ ತೆಗೆದಿಡಬಹುದಾದ ಗಾಜಿನ ಚಾವಣಿ.

ಬೀದರಿನವನಿಗೆ ಕಪ್ಪಿನ ಮೇಲೆ ಬೆಳ್ಳಿ ಕಂಡರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನಮ್ಮ ಮನೆಯ ಶೋಕೇಸಿನಲ್ಲಿ ಅಜ್ಜನ ಕಾಲದ ಬಿದ್ರಿ ಹೂಜಿ ಇದೆ. ಗ್ಯಾರೇಜಿನ ದೀಪದಲ್ಲಿ ಆ ಕಾರು ಹೊಳೆದಾಗ ನನಗೆ ಆ ಹೂಜಿಯೇ ಕಣ್ಣ ಮುಂದೆ ಬಂತು. ಅಲ್ಲೇ ಮನಸ್ಸು ಸೋತಿತ್ತು.

ಈಗ ಎಡವಿದ ಜಾಗಕ್ಕೆ ಬರುತ್ತೇನೆ. ನಮ್ಮಲ್ಲಿ ಆರ್‌ಸಿ ಇದೆ. ಕೆಎ 38 ಇರಲಿ, ಕೆಎ 32 ಇರಲಿ, ಆರ್‌ಸಿ ತೆಗೆದರೆ ಮಾಡೆಲ್ ಹೆಸರು ಸಿಗುತ್ತದೆ. ಸ್ವಿಫ್ಟ್ ಆದರೆ ವಿಎಕ್ಸ್‌ಐಯೋ ಝಡ್‌ಎಕ್ಸ್‌ಐಯೋ ಅನ್ನುವುದೂ ಗೊತ್ತಾಗುತ್ತದೆ. ಆರ್‌ಸಿಯಲ್ಲಿ ಬರೆದದ್ದೇ ಕಾರು, ಕಾರೇ ಆರ್‌ಸಿ. ಈ ನಂಬಿಕೆ ಹೊತ್ತುಕೊಂಡೇ ನಾವು ಅಮೆರಿಕಕ್ಕೆ ಹೋಗುತ್ತೇವೆ. ಅಲ್ಲಿ ಮಾಲೀಕತ್ವದ ಕಾಗದಕ್ಕೆ ಟೈಟಲ್ ಅಂತಾರೆ. ಆಯಾ ರಾಜ್ಯ ಅದನ್ನು ಕೊಡುತ್ತದೆ. ಮಾಲೀಕ ಯಾರು, ಸಾಲ ಬಾಕಿ ಇದೆಯಾ, ಕಾರು ಅಪಘಾತದಲ್ಲಿ ಸ್ಯಾಲ್ವೇಜ್ (ರಿಪೇರಿಗೆ ತಕ್ಕದ್ದಲ್ಲ ಅಂತ ಬಿಟ್ಟದ್ದು) ಆಗಿತ್ತಾ, ಇವನ್ನು ಟೈಟಲ್ ಹೇಳುತ್ತದೆ. ಹಳೆಯ ಕಾರಿನ ಟೈಟಲ್‌ನಲ್ಲಿ ಅದರ ವರ್ಣನೆ ಒಂದೇ ಸಾಲು: 1978, ಷೆವರ್ಲೆ, ಕಾರ್ವೆಟ್, ಎರಡು ಬಾಗಿಲು. ಪೇಸ್ ಕಾರು ಅಂತ ಎಲ್ಲೂ ಇರುವುದಿಲ್ಲ. ಆ ಕಚೇರಿಗೆ ಅದು ಬೇಕಾಗಿಯೂ ಇಲ್ಲ.

ಅಂದರೆ ಮಾಲೀಕತ್ವ ಶುದ್ಧ ಇದ್ದು ಕಾರೇ ಬೇರೆಯಾಗಿರಬಹುದು. ನನಗೆ ಆದದ್ದು ಇದೇ.

ಮಾರುವವನು ಒಳ್ಳೆಯ ಮಾತಿನವನು. ಸಾಲ ಇಲ್ಲದ ಟೈಟಲ್ ತೋರಿಸಿದ. ಬಾಗಿಲಿಗೆ ಅಂಟಿಸುವ ಪೇಸ್ ಕಾರ್ ಸ್ಟಿಕ್ಕರ್‌ಗಳನ್ನು ಸುರುಳಿ ಸುತ್ತಿದ ಹಾಗೇ ಪೆಟ್ಟಿಗೆಯಿಂದ ತೆಗೆದು ಕೊಟ್ಟ. ಆ ಸ್ಟಿಕ್ಕರ್ ನೋಡಿ ನನ್ನ ಅನುಮಾನವೆಲ್ಲ ಹೋಯಿತು. ಯಾಕೆಂದರೆ ಕಂಪನಿ ಅವನ್ನು ಅಂಟಿಸದೆ ಕಾರಿನೊಳಗೆ ಇಟ್ಟು ಕಳಿಸುತ್ತಿತ್ತು, ಬೇಕಾದವರು ಅಂಟಿಸಿಕೊಳ್ಳಲಿ ಅಂತ. ಅಷ್ಟು ನಾನು ಓದಿಕೊಂಡಿದ್ದೆ. ಅಂಥ ಸ್ಟಿಕ್ಕರ್ ಹೊಸದಾಗಿ ಮಾಡಿಸಿದ್ದೂ ಮಾರಾಟಕ್ಕೆ ಸಿಗುತ್ತದೆ ಅನ್ನುವುದು ತಿಳಿದಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಹಳೆಯ ಕಾರಿನವರೆಲ್ಲ ಸೇರುವ ಕಡೆ ಹೋದೆ. ವಯಸ್ಸಾದವರೊಬ್ಬರು ಬಂದರು. ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. ನೇರ ಮುಂದಿನ ಗಾಜಿನ ಹತ್ತಿರ ಬಗ್ಗಿದರು. ಡ್ರೈವರ್ ಬದಿಯ ಕಂಬದ ಮೇಲೆ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತದೆ. ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಕನ್ನಡಕ ಮೇಲೆ ಸರಿಸಿ, ಒಂದೊಂದೇ ಅಂಕಿ ಓದಿದರು. ಕೊನೆಯ ಆರು ಅಂಕಿಗೆ ಬಂದಾಗ 'ನಾಲ್ಕು' ಅಂದರು. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಬಾಗಿಲು ತೆರೆದು ಕೀಲಿನ ಸಂದಿಗೆ ಟಾರ್ಚ್ ಬಿಟ್ಟರು. ಕಪ್ಪು ಬಣ್ಣ ಎದ್ದಿದ್ದ ಉಗುರಿನಷ್ಟು ಜಾಗದಲ್ಲಿ ಕೆಳಗಿನ ಬೆಳ್ಳಿ ಬಣ್ಣ ಕಾಣುತ್ತಿತ್ತು.

ವಿಷಯ ಇಷ್ಟು. 1978ರಲ್ಲಿ ಒಟ್ಟು 46,776 ಕಾರ್ವೆಟ್ ತಯಾರಾದವು. ಅದರಲ್ಲಿ ಪೇಸ್ ಕಾರು 6,502. ಆಗ ಕಾರಿನ ಗುರುತಿನ ಸಂಖ್ಯೆ, ಅಂದರೆ ವಿನ್, 13 ಅಕ್ಷರದ್ದು. ಪೇಸ್ ಕಾರುಗಳಿಗೆ ಕಂಪನಿ ಬೇರೆಯೇ ಸರಣಿ ಕೊಟ್ಟಿತ್ತು. ಕೊನೆಯ ಆರು ಅಂಕಿ 900001ರಿಂದ 906502ರವರೆಗೆ. ಉಳಿದ ಕಾರುಗಳದು 400001ರಿಂದ 440274. ಒಂಬತ್ತಿದ್ದರೆ ಪೇಸ್ ಕಾರು. ನಾಲ್ಕಿದ್ದರೆ ಎಷ್ಟೇ ಕಪ್ಪು-ಬೆಳ್ಳಿ ಹಚ್ಚಿದ್ದರೂ ಅಲ್ಲ. ಇದಕ್ಕೆ ಅಲ್ಲಿನವರು ಕ್ಲೋನ್ ಅಂತಾರೆ. ವಿನ್‌ನ ಐದನೇ ಅಕ್ಷರವನ್ನೂ ನೋಡಿ. ಅಲ್ಲಿ ಎಲ್ ಇದ್ದರೆ ಸಾಮಾನ್ಯ ಎಂಜಿನ್, 185 ಎಚ್‌ಪಿ. 4 ಇದ್ದರೆ ಎಲ್82 ಎಂಜಿನ್, 220 ಎಚ್‌ಪಿ. ಎಲ್82ಗೆ ಬೆಲೆ ಜಾಸ್ತಿ.

ನನ್ನ ಕಾರು ಹುಟ್ಟಿದ್ದು ಸಿಲ್ವರ್ ಆ್ಯನಿವರ್ಸರಿ ಬಣ್ಣದಲ್ಲಿ. ಅದೂ 25ನೇ ವರ್ಷದ ನೆನಪಿನದೇ, 15,283 ಮಾಡಿದ್ದರು. ಇದ್ದ ಹಾಗೇ ಬಿಟ್ಟಿದ್ದರೆ ಅದಕ್ಕೂ ತನ್ನದೇ ಬೆಲೆ ಇರುತ್ತಿತ್ತು. ಮೇಲೆ ಕಪ್ಪು ಬಳಿದು ಅದನ್ನೂ ಕೆಡಿಸಿದ್ದರು. ಇದು ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿತು. ಬಿದ್ರಿಯಲ್ಲಿ ಸತುವು-ತಾಮ್ರದ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕಪ್ಪು ಬರಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಚೌಬಾರಾ ಹತ್ತಿರದ ಅಂಗಡಿಯಲ್ಲಿ ಬೆಳ್ಳಿ ಬಣ್ಣ ಬಳಿದ ಹೂಜಿಯನ್ನು ಬಿದ್ರಿ ಅಂತ ಕೊಟ್ಟರೆ ನಮ್ಮೂರ ಹುಡುಗರು ತಗೊಳ್ತಾರಾ? ಇಲ್ಲ ಅಲ್ವಾ? ಕಾರಿನ ವಿಷಯದಲ್ಲಿ ಮಾತ್ರ ಹೊಳಪು ನೋಡಿ ದುಡ್ಡು ಎಣಿಸಿ ಕೊಡುತ್ತೇವೆ.

ಕೊಟ್ಟವನನ್ನು ಹಿಡಿಯಬಹುದಿತ್ತಲ್ಲ ಅಂತ ಕೇಳಬಹುದು. ವಕೀಲರ ಹತ್ತಿರ ಹೋದೆ. ನಮ್ಮಿಬ್ಬರ ಮಾರಾಟ ಪತ್ರದಲ್ಲಿ ಇದ್ದದ್ದು '1978 ಕಾರ್ವೆಟ್, ಇದ್ದ ಸ್ಥಿತಿಯಲ್ಲಿ' ಅಂತ ಮಾತ್ರ. ಪೇಸ್ ಕಾರು ಅನ್ನುವ ಮಾತು ಬಾಯಲ್ಲಿ ಬಂದಿತ್ತು, ಬರಹದಲ್ಲಿ ಇರಲಿಲ್ಲ. ಆದ್ದರಿಂದ ಕೈ ಮುಗಿದು ಹೇಳುತ್ತೇನೆ, ಮಾರಾಟ ಪತ್ರದಲ್ಲಿ 'ಇದು ಕಾರ್ಖಾನೆಯಲ್ಲೇ ತಯಾರಾದ ಪೇಸ್ ಕಾರು' ಅಂತ ಪೂರ್ತಿ ವಿನ್ ಸಮೇತ ಬರೆಸಿ ಸಹಿ ಹಾಕಿಸಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲೇ ಎದ್ದು ಬನ್ನಿ.

'ಕಾರ್‌ಫ್ಯಾಕ್ಸ್ ತೆಗೆಸಿದ್ದೀನಿ ಕಾಕಾ' ಅಂತ ಹುಮನಾಬಾದಿನ ಹುಡುಗ ಹೇಳಿದ. ಅದು ಕಾರಿನ ಹಿಂದಿನ ಚರಿತ್ರೆಯ ವರದಿ. 17 ಅಕ್ಷರದ ವಿನ್ ಬಂದದ್ದು 1981ರ ಮಾಡೆಲ್‌ನಿಂದ. ಆ ವರದಿಗಳು ನಡೆಯುವುದೇ 17 ಅಕ್ಷರದ ಮೇಲೆ. 1978ರ ಕಾರಿಗೆ ಅವನು ಯಾವ ಕಾರಿನ ವರದಿ ತೆಗೆಸಿದನೋ! ಮೈಲಿಯನ್ನೂ ನಂಬಬೇಡಿ. ಇಷ್ಟು ಹಳೆಯ ಕಾರಿಗೆ ಮಾರುವವನು ಮೈಲಿ ಘೋಷಿಸಬೇಕೆಂಬ ಕಾನೂನಿಲ್ಲ, ಟೈಟಲ್‌ನಲ್ಲಿ 'ಎಕ್ಸೆಂಪ್ಟ್', ಅಂದರೆ ವಿನಾಯಿತಿ, ಅಂತಿರುತ್ತದೆ. ಮೀಟರಿನಲ್ಲಿ ಐದೇ ಅಂಕಿ. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು.

ಬೇರೆ ವರ್ಷದ ಸ್ಮರಣಾರ್ಥ ಕಾರ್ವೆಟ್ ನೋಡುತ್ತಿದ್ದರೂ ಸಂಖ್ಯೆಯಿಂದಲೇ ಹೊರಡಿ. 1982ರ ಕಲೆಕ್ಟರ್ ಎಡಿಷನ್ 6,759, ಅದಕ್ಕೆ ವಿನ್‌ನಲ್ಲೇ 07 ಅನ್ನುವ ಬಾಡಿ ಗುರುತಿದೆ. 1996ರ ಗ್ರ್ಯಾಂಡ್ ಸ್ಪೋರ್ಟ್ ಸರಿಯಾಗಿ 1,000, ಅದಕ್ಕೂ ಬೇರೆ ಸರಣಿ. 1993ರ 40ನೇ ವರ್ಷದ ಕೆಂಪು ಕಾರು 6,749, ಅದಕ್ಕೆ ಬೇರೆ ಸರಣಿ ಇಲ್ಲ, ಝಡ್25 ಅನ್ನುವ ಆಪ್ಷನ್ ಕೋಡ್ ಹುಡುಕಬೇಕು. 1986ರ ಕನ್ವರ್ಟಿಬಲ್ ಅಂತೂ 7,315 ಕಾರುಗಳೂ ಪೇಸ್ ಕಾರೇ. ಆ ವರ್ಷದ್ದಕ್ಕೆ 'ಪೇಸ್ ಕಾರು' ಅಂತ ಯಾರಾದರೂ ಜಾಸ್ತಿ ಕೇಳಿದರೆ ಕೊಡಬೇಡಿ.

ಸಂಖ್ಯೆ ಸರಿ ಇದ್ದರೆ ಮುಂದಿನದು ಎಂಜಿನ್. ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಬದಿಯ ಸಿಲಿಂಡರ್ ಹೆಡ್ಡಿನ ಮುಂದೆ, ಚಪ್ಪಟೆ ಜಾಗ ಒಂದಿದೆ. ವಿನ್‌ನ ಕೊನೆಯ ಆರು ಅಂಕಿ ಅಲ್ಲೂ ಹೊಡೆದಿರಬೇಕು. ಹೊಂದಿದರೆ 'ಮ್ಯಾಚಿಂಗ್ ನಂಬರ್ಸ್', ಅಂದರೆ ಕಾರಿನ ಜೊತೆಗೇ ಬಂದ ಎಂಜಿನ್. ಪೆಟ್ರೋಲ್ ಟ್ಯಾಂಕ್ ಮೇಲೆ ಕಾರ್ಖಾನೆಯವರು ಅಂಟಿಸಿದ ಕಾಗದ ಉಳಿದಿದ್ದರೆ ಅದೊಂದು ನಿಧಿ. ಪೇಸ್ ಕಾರಾದರೆ ಅದರಲ್ಲಿ ಝಡ್78 ಕೋಡ್ ಇರುತ್ತದೆ. ಇವನ್ನು ಸ್ವಂತ ಕಣ್ಣಿಂದ ತೀರ್ಮಾನ ಮಾಡಬೇಡಿ. ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯವರು, ಎನ್‌ಸಿಆರ್‌ಎಸ್ ಅಂತ, 1974ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಹತ್ತಿರದ ಶಾಖೆಯ ಸದಸ್ಯರೊಬ್ಬರನ್ನು ಕರೆದುಕೊಂಡು ಹೋಗಿ.

ಇನ್ನು ಬೆಲೆ. 'ಕಡಿಮೆ ಮಾಡಿದ್ದಾರೆ, ಹಾಗಾಗಿ ಏರುತ್ತದೆ' ಅನ್ನುವುದು ದೊಡ್ಡ ತಪ್ಪು ಲೆಕ್ಕ. ಇದಕ್ಕೆ ಈ ಪೇಸ್ ಕಾರೇ ಸಾಕ್ಷಿ. ಮೊದಲು 2,500 ಮಾಡುವ ಯೋಚನೆ ಇತ್ತು, ವರ್ಷಕ್ಕೆ ನೂರರಂತೆ. ಆಮೇಲೆ ಡೀಲರ್‌ಗೆ ಒಂದಾದರೂ ಸಿಗಲಿ ಅಂತ ಏರಿಸಿದರು. ಪಟ್ಟಿ ಬೆಲೆ 13,653 ಡಾಲರ್. 1978ರ ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಮೊದಲ ಪುಟದಲ್ಲಿ ಈ ಕಾರಿನ ಬಗ್ಗೆ ಬರೆದ ಮೇಲೆ ಜನ ಮುಗಿಬಿದ್ದರು. ಮಾರುವವರು ಪಟ್ಟಿ ಬೆಲೆಯ ಎರಡರಷ್ಟು ಕೇಳಿದರು. ಕೊಂಡವರು ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಶೆಡ್ಡಿನಲ್ಲಿಟ್ಟರು. ಎಲ್ಲರೂ ಜೋಪಾನ ಮಾಡಿದರೆ ಅಪರೂಪ ಆಗುವುದು ಹೇಗೆ? ಆ 13,653 ಡಾಲರ್ ಇವತ್ತಿನ ಬೆಲೆ ಏರಿಕೆ ಲೆಕ್ಕದಲ್ಲಿ 65 ಸಾವಿರಕ್ಕೂ ಹೆಚ್ಚು. ಓಡಿಸಿದ, ಒಳ್ಳೆಯ ಸ್ಥಿತಿಯ ಪೇಸ್ ಕಾರು ಇವತ್ತು ಹೋಗುವುದು 20 ಸಾವಿರದ ಆಚೀಚೆ. ಒಂದಿಷ್ಟೂ ಓಡದೆ ಉಳಿದ ಕೆಲವಕ್ಕೆ ಮಾತ್ರ ಹೆಚ್ಚು.

ಜಾಹೀರಾತಿನಲ್ಲಿ ಕೇಳುವ ಬೆಲೆಯನ್ನು ಮರೆತುಬಿಡಿ. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಮಾರಿದ ಮನೆಯವರಿಗೆ ಇದು ಹೊಸದಲ್ಲ. ಬೆಳಿಗ್ಗೆ ಬಾಯಲ್ಲಿ ಓಡಾಡುವ ರೇಟು ಒಂದು. ಹಮಾಲಿ, ತೂಕ ಎಲ್ಲ ಕಳೆದು ಆಡತಿ ಅಂಗಡಿಯ ಪಟ್ಟಿಯಲ್ಲಿ ಬರುವುದು ಇನ್ನೊಂದು. ಇಲ್ಲೂ ಮಾರಾಟವಾದ ಬೆಲೆ ನೋಡಿ. ಈ ವಿಷಯದಲ್ಲಿ ಅಮೆರಿಕದ ಪದ್ಧತಿ ನಮ್ಮದಕ್ಕಿಂತ ಎಷ್ಟೋ ಮೇಲು. ಬ್ರಿಂಗ್ ಎ ಟ್ರೇಲರ್‌ನಂಥ ಹರಾಜಿನಲ್ಲಿ ಯಾವ ಕಾರು ಎಷ್ಟಕ್ಕೆ ಹೋಯಿತು ಅನ್ನುವುದು ಫೋಟೊ ಸಮೇತ ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ಅದು ಬ್ರೋಕರ್ ಹೊಟ್ಟೆಯಲ್ಲೇ ಉಳಿಯುತ್ತದೆ. ಒಂದು ಎಚ್ಚರ: ಬ್ರಿಂಗ್ ಎ ಟ್ರೇಲರ್ ತೋರಿಸುವ ಬೆಲೆಯ ಮೇಲೆ ಕೊಳ್ಳುವವರು ಶೇ. 5 ಕೊಡಬೇಕು. ಬ್ಯಾರೆಟ್-ಜಾಕ್ಸನ್ ಅನ್ನುವ ಇನ್ನೊಂದು ಹರಾಜು ಕಂಪನಿ ಪ್ರಕಟಿಸುವ ಬೆಲೆಯಲ್ಲಿ ಕೊಳ್ಳುವವರ ಪ್ರೀಮಿಯಂ, ಅಂದರೆ ಹರಾಜಿನ ಶುಲ್ಕ, ಸೇರಿಯೇ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹಳೆಯ ಕಾರುಗಳ ಇನ್ಶೂರೆನ್ಸ್ ಕಂಪನಿ ಹ್ಯಾಗರ್ಟಿಯ ಬೆಲೆ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸ್ಥಿತಿ 1ರಿಂದ 4, 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು. ತಮ್ಮ ಕಾರು 2 ಅಂತ ಎಲ್ಲರೂ ಹೇಳುತ್ತಾರೆ. ನೀವು 3 ಅಂತ ಹಿಡಿದು ಲೆಕ್ಕ ಶುರು ಮಾಡಿ.

ಇನ್ಶೂರೆನ್ಸ್‌ನಲ್ಲೂ ನಮ್ಮ ಐಡಿವಿ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) ಅಭ್ಯಾಸ ಮೋಸ ಮಾಡುತ್ತದೆ. 'ಸ್ಟೇಟೆಡ್ ವ್ಯಾಲ್ಯೂ' ಅಂದರೆ ಬರೆಸಿದಷ್ಟು ಕೊಡುತ್ತಾರೆ ಅಂತ ಕಲಬುರಗಿಯ ದಂಪತಿ ತಿಳಿದಿದ್ದರು. ಹಾಗಲ್ಲ. ಕಾರು ಪೂರ್ತಿ ಹೋದರೆ, ಬರೆಸಿದ ಮೊತ್ತ ಮತ್ತು ಆ ಹೊತ್ತಿನ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. 'ಅಗ್ರೀಡ್ ವ್ಯಾಲ್ಯೂ', ಅಂದರೆ ಮೊದಲೇ ಒಪ್ಪಿದ ಮೊತ್ತ ಕೊಡುವ ಪಾಲಿಸಿ, ಅಂತ ಕೇಳಿ ತಗೊಳ್ಳಿ. ತೆರಿಗೆಯದೂ ನೆನಪಿರಲಿ: ಸ್ವಂತಕ್ಕೆ ಇಟ್ಟುಕೊಂಡ ಕಾರು ಮಾರಿ ಲಾಭ ಬಂದರೆ ತೆರಿಗೆ ಇದೆ, ನಷ್ಟ ಬಂದರೆ ಕಳೆಯಲು ಬರುವುದಿಲ್ಲ. ನನ್ನ ನಷ್ಟ ಹಾಗೇ ನನ್ನ ತಲೆ ಮೇಲೆ ಉಳಿಯಿತು. ಮಾರುವಾಗ ಜಾಹೀರಾತಿನ ಮೊದಲ ಸಾಲಿನಲ್ಲೇ 'ಇದು ಕ್ಲೋನ್' ಅಂತ ಬರೆದೆ. ನನಗಾದದ್ದು ಇನ್ನೊಬ್ಬರಿಗೆ ಆಗುವುದು ಬೇಡ ಅಂತ.

ನಿನ್ನೆ ರಾತ್ರಿ ಶಹಾಪುರದ ಹುಡುಗ ವಿನ್ ಪಟ್ಟಿಯ ಫೋಟೊ ಕಳಿಸಿದ್ದಾನೆ. ಕೊನೆಯ ಆರು ಅಂಕಿ 9ರಿಂದಲೇ ಶುರು. ಐದನೇ ಜಾಗದಲ್ಲಿ 4 ಇದೆ. ಎಂಜಿನ್ ಮೇಲಿನ ನಂಬರಿನ ಫೋಟೊ ಇನ್ನೂ ಬಂದಿಲ್ಲ. ಅದು ಬರುವವರೆಗೆ ಒಂದು ಡಾಲರ್ ಮುಂಗಡವನ್ನೂ ಕೊಡಬೇಡ ಅಂತ ಹೇಳಿದ್ದೇನೆ.