ಒಂದೇ ಸಲ ಇಳಿದು ಒಂದೇ ಸಲ ಹತ್ತಿದ ಕಾಡು–ಕರಾವಳಿ ಸುತ್ತು

ನಮ್ಮ ಮನೆಯಲ್ಲಿ ಘಾಟಿ ಅಂದರೆ ವಾಂತಿ. ಅಮ್ಮನಿಗೆ, ಮಗಳಿಗೆ, ಕೆಲವು ಸಲ ಹೆಂಡತಿಗೂ. ಹಾಗಾಗಿ ಮಲೆನಾಡು, ಕರಾವಳಿ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವ ಆಸೆ ಪ್ರತಿ ಸಲವೂ ನಡುದಾರಿಯಲ್ಲಿ ಕೈಕೊಡುತ್ತಿತ್ತು. 2024ರ ದಸರಾ ರಜೆಯಲ್ಲಿ ಅದು ಕೊನೆಗೂ ಸರಿಯಾಗಿ ಆಯಿತು. ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಒಂದು ಸೆಕೆಂಡ್ ಹ್ಯಾಂಡ್ ಇನ್ನೋವಾ. ಸುಮಾರು 1,500 ಕಿಲೋಮೀಟರ್, ಎರಡು ವಾರ ದಾಟಿದ ಸುತ್ತಾಟ. "ಎಪ್ಪತ್ತು ದಾಟಿದವರನ್ನ ಕಟ್ಕೊಂಡು ದಾಂಡೇಲಿವರೆಗಾ? ಹುಬ್ಬಳ್ಳಿಯಿಂದ ರೈಲಲ್ಲಿ ವಾಪಸ್ ಬರ್ತೀರ" ಅಂದಿದ್ದರು ನಮ್ಮ ಭಾವ. ರೈಲು ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ಪ್ರವಾಸಗಳಲ್ಲಿ ಆಗುತ್ತಿದ್ದದ್ದು ನಿಮಗೆಲ್ಲ ಗೊತ್ತಿರುವ ದಾರಿಯೇ. ಶೃಂಗೇರಿ ನೋಡು, ಆಗುಂಬೆ ಇಳಿ, ಉಡುಪಿ ನೋಡು, ಕೊಲ್ಲೂರಿನಿಂದ ಹತ್ತು, ಜೋಗ ನೋಡು, ಮತ್ತೆ ಹೊನ್ನಾವರಕ್ಕೆ ಇಳಿ, ಮುರುಡೇಶ್ವರ, ಮತ್ತೆ ಹತ್ತು. ಮ್ಯಾಪಿನಲ್ಲಿ ನೋಡಿದರೆ ಹತ್ತಿರ ಹತ್ತಿರ. ಕೂತವರ ಹೊಟ್ಟೆ ಮ್ಯಾಪ್ ನೋಡುವುದಿಲ್ಲ. ಆಗುಂಬೆಯ 14 ತಿರುವು ಮುಗಿಸಿ ಸೋಮೇಶ್ವರ ತಲುಪುವಾಗ ಅರ್ಧ ಗಾಡಿ ಮಲಗಿರುತ್ತಿತ್ತು. ಉಡುಪಿಯಲ್ಲಿ ಯಾರಿಗೂ ಊಟ ಬೇಡ, ಕೃಷ್ಣನೂ ಬೇಡ. ಮಾತ್ರೆ ಕೊಟ್ಟರೆ ಮಗಳು ಸಂಜೆವರೆಗೂ ನಿದ್ದೆ. ಅಂಥದ್ದೊಂದು ಟ್ರಿಪ್ ಮುಗಿದ ಮೇಲೆ ಮುಂಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಲು ಮೂರೂವರೆ ಸಾವಿರ ಹೋಗಿತ್ತು. ಸೀಟ್ ಕವರ್ ತೊಳೆಸಿದ್ದು ಬೇರೆ.

ಈ ಸಲ ಒಂದೇ ಲೆಕ್ಕ ಇಟ್ಟುಕೊಂಡೆ. ಘಾಟಿ ಇಳಿಯುವುದು ಒಂದೇ ಸಲ, ತೆಂಕಣ ತುದಿಯಲ್ಲಿ. ಹತ್ತುವುದು ಒಂದೇ ಸಲ, ಬಡಗಣ ತುದಿಯಲ್ಲಿ. ನಡುವೆ ಕರಾವಳಿಯಲ್ಲೇ ಓಡಾಟ. ಹತ್ತಿದ ಮೇಲೆ ಘಟ್ಟದ ಮೇಲೆ ಮೇಲೆಯೇ ಮನೆಗೆ. ಜೋಗ, ಶೃಂಗೇರಿ, ಕುದುರೆಮುಖ ಎಲ್ಲ ವಾಪಸ್ ಬರುವಾಗ. ದೂರ ಇನ್ನೂರು ಕಿಲೋಮೀಟರ್ ಜಾಸ್ತಿ ಆಗಿರಬಹುದು. ಆದರೆ ಐದಾರು ಘಾಟಿ ಎರಡಾದವು.

ಎರಡನೆಯ ನಿಯಮ, ಮಧ್ಯಾಹ್ನ ಹನ್ನೆರಡಕ್ಕೆ ಸ್ಟೇರಿಂಗ್ ಬಿಡುವುದು. ಬೆಳಗ್ಗೆ ಐದೂವರೆಗೆ ಹೊರಟರೆ ಎಷ್ಟು ದೂರ ಆಗುತ್ತೋ ಅಷ್ಟೇ. ಅಪ್ಪನಿಗೆ ಸಕ್ಕರೆ ಕಾಯಿಲೆ, ಗಂಟೆ ಗಂಟೆಗೆ ಇಳಿಯಬೇಕು. ಹಾಗಾಗಿ ಕೊನೆಯ ದಿನ ಬಿಟ್ಟು, ದಿನಕ್ಕೆ 150 ಕಿಲೋಮೀಟರ್ ಮೀರಿ ಪ್ಲಾನ್ ಮಾಡಲೇ ಇಲ್ಲ. ಸ್ನೇಹಿತರು ನಕ್ಕರು. "ಅಷ್ಟಕ್ಕೆ ಎರಡು ವಾರ ಯಾಕೆ, ನಾನಾಗಿದ್ರೆ ನಾಲ್ಕು ದಿನ" ಅಂದರು. ನಾಲ್ಕು ದಿನದಲ್ಲಿ ಮುಗಿಸಿದವರು ಏನು ನೋಡಿದರು ಅಂತ ಕೇಳಿದರೆ ಟೋಲ್ ಗೇಟ್ ಹೆಸರು ಹೇಳುತ್ತಾರೆ.

ಮೈಸೂರಿಗೆ ಊರೆಲ್ಲ ಬರುವ ಹೊತ್ತಿಗೆ ನಾವು ಮೈಸೂರು ಬಿಟ್ಟೆವು. ಹುಣಸೂರು ದಾಟಿ ವೀರನಹೊಸಹಳ್ಳಿ ಗೇಟಿಗೆ ಆರೂವರೆ ಸುಮಾರಿಗೆ. ನಾಗರಹೊಳೆಯ ಒಳಗಿನ ಈ ದಾರಿ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ತೆರೆದಿರುತ್ತೆ, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಗೇಟ್ ತೆರೆದ ಮೊದಲ ಒಂದು ಗಂಟೆಯಲ್ಲಿ ಹೋಗಿ, ನಿಧಾನಕ್ಕೆ ಹೋಗಿ. ನಮಗೆ ಮರಿ ಸಮೇತ ಆನೆ ಹಿಂಡು, ಕಾಟಿ, ಲೆಕ್ಕವಿಲ್ಲದಷ್ಟು ಜಿಂಕೆ ಸಿಕ್ಕವು. ಮಾರನೇ ದಿನ ದುಡ್ಡು ಕೊಟ್ಟು ಹೋದ ಸಫಾರಿಯಲ್ಲಿ ಜಿಂಕೆ ಮತ್ತು ನವಿಲು. ಆರು ಜನಕ್ಕೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಹುಲಿ ಕಂಡವರ ಪಕ್ಕದ ಬಸ್ಸಿನಲ್ಲಿ ಕೂತಿದ್ದೆವು ಅನ್ನುವುದಷ್ಟೇ ಮಗನ ಹೆಮ್ಮೆ. ಸಫಾರಿ ಗಾಡಿಯಲ್ಲಿ ಯಾವ ಸೀಟು ಹಿಡಿಯಬೇಕು, ಅದನ್ನು ಹೇಗೆ ಗಿಟ್ಟಿಸಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಎಲ್ಲರಿಗೂ ಗೊತ್ತಾದರೆ ಮುಂದಿನ ಸಲ ನನಗೆ ಸಿಗುವುದಿಲ್ಲ.

ಕುಟ್ಟದಲ್ಲಿ ಎರಡು ರಾತ್ರಿ. ತಲೆಗೆ ಸಾವಿರದ ಐನೂರರ ಲೆಕ್ಕ, ಊಟ ಸೇರಿ, ಮಕ್ಕಳಿಗೆ ಅರ್ಧ. ಇದಕ್ಕೂ ಮೊದಲು ಕೊಡಗಿನಲ್ಲೇ ಇನ್ನೊಂದು ಹೋಮ್‌ಸ್ಟೇಗೆ ಐದು ಸಾವಿರ ಅಡ್ವಾನ್ಸ್ ಹಾಕಿದ್ದೆ. ರಜೆ ಹತ್ತಿರ ಬಂದಾಗ "ರೇಟ್ ಡಬಲ್, ಬೇಡ ಅಂದ್ರೆ ಬಿಡಿ" ಅಂದರು. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಆಮೇಲಿಂದ ನಾನು ಸಾವಿರಕ್ಕಿಂತ ಹೆಚ್ಚು ಮುಂಗಡ ಯಾರಿಗೂ ಕೊಟ್ಟಿಲ್ಲ. ಕೊಡದಿದ್ದರೂ ರೂಮ್ ಸಿಕ್ಕಿದೆ. ದಿನಾಂಕದ ವಿಷಯ ಇನ್ನೊಂದು: ಅಕ್ಟೋಬರ್ 17ರ ಆಸುಪಾಸು ತಲಕಾವೇರಿ ತೀರ್ಥೋದ್ಭವ. ಆ ವಾರ ಭಾಗಮಂಡಲದ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟರೊಳಗೆ ಕೊಡಗು ಮುಗಿಸಿಬಿಡಬೇಕು.

ಇಳಿಯಲು ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದ ಮೇಲೆ ಈ ದಾರಿಗೆ ಹೆದರುವವರು ಇನ್ನೂ ಇದ್ದಾರೆ. ಮಳೆಗಾಲದಲ್ಲಿ ನಾನೂ ಹೋಗುವುದಿಲ್ಲ. ಆದರೆ ವಾಂತಿಯ ಲೆಕ್ಕದಲ್ಲಿ ಸಂಪಾಜೆ ಮೆತ್ತಗಿನ ಘಾಟಿ. ತಿರುವುಗಳು ದೊಡ್ಡವು, ಗಾಡಿ ಹೊರಳಾಡುವುದಿಲ್ಲ, ಒಂದೇ ಸಮ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಘಾಟಿ ಇಳಿದರೆ ವಾಂತಿ ಆಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. ಅದು ಇನ್ನೂ ಕೆಟ್ಟದ್ದು. ಎರಡು ಇಡ್ಲಿ, ಚಟ್ನಿ ಇಲ್ಲ, ಕಾಫಿ ಇಲ್ಲ, ತಿಂದು ಮುಕ್ಕಾಲು ಗಂಟೆ ಬಿಟ್ಟು ಹೊರಡುವುದು. ಎಸಿ ಬಂದ್, ಕಿಟಕಿ ಓಪನ್. ಅಮ್ಮ ಮುಂದೆ, ಮಗಳು ನಡುವಿನ ಸಾಲಿನ ಕಿಟಕಿ, ಗಟ್ಟಿ ಹೊಟ್ಟೆಯವರು ಹಿಂದಿನ ಸಾಲು. ಎರಡನೇ ಗೇರಿನಲ್ಲೇ ಇಳಿಸಿ, ತಿರುವಿನ ಒಳಗೆ ಬ್ರೇಕ್ ತುಳಿಯಬೇಡಿ. ಹೊರಡುವ ಮೊದಲು ಅಮ್ಮ ಎಲ್ಲರಿಗೂ ಒಂದು ಚಿಟಿಕೆ ಪುಡಿ ಕೊಟ್ಟಳು. ಒಣಶುಂಠಿ ಇದೆ, ನಿಂಬೆ ಸಿಪ್ಪೆ ಇದೆ. ಮೂರನೆಯದು ಅವಳ ತವರಿನದು, ಹೇಳಲು ನನಗೆ ಅನುಮತಿ ಇಲ್ಲ. ಸುಳ್ಯದಲ್ಲಿ ಇಳಿದಾಗ ಎಲ್ಲರೂ ನೆಟ್ಟಗಿದ್ದರು. ಮಗಳು ಹಸಿವು ಅಂದಳು. ನಮ್ಮ ಮನೆಯ ಚರಿತ್ರೆಯಲ್ಲಿ ಘಾಟಿಯ ಬುಡದಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

ಕರಾವಳಿ ಹೆದ್ದಾರಿ 66ರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಓಡಿಸಿದ್ದೀರಿ. ಕಾಪುವಿನಲ್ಲಿ ಉಳಿದೆವು, ಆಮೇಲೆ ಕುಮಟಾ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಅಲ್ಲಿ ಬೆಳಗ್ಗೆ ಏಳಕ್ಕೆ ಇದ್ದರೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತೆ. ಮುರುಡೇಶ್ವರದ ಗೋಪುರದ ಲಿಫ್ಟಿಗೆ ಕ್ಯೂ ನೋಡಿ ಕೆಳಗಿಂದಲೇ ಕೈಮುಗಿದೆವು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ದಾರಿ ಅಪ್ಪನಿಗೆ ಹಿಡಿಸಿತು. ಸಮತಟ್ಟು, ನೆರಳು, ಏದುಸಿರಿಲ್ಲ.

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಲು ಒಂದು ಪ್ರಯೋಗ ಮಾಡಿದೆ. ಒಂದು ನೋಟ್‌ಬುಕ್ ಕೊಟ್ಟು, ಹೊಳೆ ದಾಟಿದಾಗಲೆಲ್ಲ ಹೆಸರು ಬರೆಯಬೇಕು, ತಪ್ಪಿಲ್ಲದ ಹೆಸರಿಗೆ ಹತ್ತು ರೂಪಾಯಿ ಅಂದೆ. ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಸಣ್ಣಪುಟ್ಟ ಹಳ್ಳವನ್ನೂ ಸೇರಿಸಿ ನನ್ನಿಂದ ನಾನೂರರ ಹತ್ತಿರ ಕಿತ್ತರು. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ ಅಂತ ಅಪ್ಪ ಹೇಳಿದ್ದಕ್ಕೆ, ಹಾಗಾದರೆ ಅದಕ್ಕೆ ಇಪ್ಪತ್ತು ಕೊಡು ಅಂತ ಮಗನ ವಾದ. ಕೊಟ್ಟೆ.

ಇನ್ನೊಂದು ಪ್ರಯೋಗ ಕೆಟ್ಟಿತು. ಗಾಡಿಯ ಸಾಕೆಟ್ಟಿಗೆ ಇನ್ವರ್ಟರ್ ಹಾಕಿ ಸಣ್ಣ ರೈಸ್ ಕುಕ್ಕರ್‌ನಲ್ಲಿ ಅನ್ನ ಮಾಡುವ ಯೋಜನೆ. ಎರಡು ಸಾವಿರದ ಇನ್ವರ್ಟರ್. ಭಟ್ಕಳ ಬರುವುದರೊಳಗೆ ಫ್ಯೂಸ್ ಹೋಯಿತು, ಅಕ್ಕಿ ಅಕ್ಕಿಯಾಗೇ ಇತ್ತು. ಕೊನೆಗೆ ಗೆದ್ದದ್ದು ಹಳೇ ಪದ್ಧತಿ: ಉಳಿದುಕೊಂಡ ಕಡೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಚಿತ್ರಾನ್ನ ಕಲಸಿ ಸ್ಟೀಲ್ ಡಬ್ಬಿಗೆ ತುಂಬುವುದು. ಹೆಂಡತಿ ಮತ್ತು ನಾನು ದಿನ ಬಿಟ್ಟು ದಿನ. ಇದರಿಂದಲೇ ಒಂದು ಎಂಟು ಸಾವಿರ ಉಳಿದಿರಬೇಕು.

ಅಂಕೋಲಾಕ್ಕೆ ಮೊದಲು ಶಿರೂರು. ಅದೇ ವರ್ಷ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಿದ್ದ ಜಾಗ. ಮಣ್ಣಿನ ಕೆಂಪು ಗಾಯ ಹಾಗೇ ಇತ್ತು. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ವಿಜಯದಶಮಿಯ ವಾರಾಂತ್ಯ ಎಲ್ಲಿರಬೇಕು ಅನ್ನುವುದಕ್ಕೆ ತುಂಬ ತಲೆ ಕೆಡಿಸಿಕೊಂಡಿದ್ದೆ. ಗೋಕರ್ಣ ಅಸಾಧ್ಯ, ದಾಂಡೇಲಿಯಲ್ಲಿ ರೇಟು ಎರಡು ಪಟ್ಟು. ಕಾರವಾರ ಹಿಡಿದೆ. ಎರಡು ಸಾವಿರದೊಳಗೆ ಒಳ್ಳೇ ರೂಮು, ಬೀಚಿನಲ್ಲಿ ಓಡಾಡಲು ಜಾಗ. ಆಯುಧ ಪೂಜೆ ಲಾಡ್ಜ್ ಅಂಗಳದಲ್ಲೇ ಆಯಿತು. ಇನ್ನೋವಾಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಲಾಡ್ಜಿನವರು ತಮ್ಮ ಸ್ಕೂಟರನ್ನೂ ಪಕ್ಕದಲ್ಲಿ ತಂದು ನಿಲ್ಲಿಸಿದರು. ಆಗಸ್ಟ್‌ನಲ್ಲಿ ಕುಸಿದಿದ್ದ ಕಾಳಿಯ ಹಳೇ ಸೇತುವೆ ನೋಡಲು ಸಂಜೆ ಹೋದೆವು. ಹೊಸ ಸೇತುವೆಯ ಮೇಲೇ ಎರಡೂ ಕಡೆಯ ಗಾಡಿಗಳು.

ಹತ್ತಿದ್ದು ಕದ್ರಾ ಮೇಲೆ ಅಣಶಿ ಘಾಟಿ. ಅಂಕೋಲಾದಿಂದ ಅರಬೈಲು ಹತ್ತಿದರೆ ಲಾರಿಗಳ ಹಿಂದೆ ಹೊಗೆ ಕುಡಿಯಬೇಕು. ಅಣಶಿಯಲ್ಲಿ ಲಾರಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ತಿರುವು ಬಿಗಿ, ರಸ್ತೆ ಕಿರಿದು, ಒದ್ದೆ ಎಲೆ ಬಿದ್ದಿರುತ್ತೆ. ಹತ್ತುವಾಗ ವಾಂತಿ ಕಡಿಮೆ ಅನ್ನುವುದು ನನ್ನ ಅನುಭವ, ಬ್ರೇಕ್ ಇಲ್ಲದೆ ಗಾಡಿ ಒಂದೇ ಸಮ ಎಳೆಯುತ್ತದಲ್ವಾ, ಅದಕ್ಕಿರಬೇಕು. ಮಗಳಿಗೆ ಒಂದು ಸಲ ತೇಗು ಬಂತು, ಅಷ್ಟೇ. ಮೇಲೆ ಕಾಳಿ ಹುಲಿ ಮೀಸಲು ಕಾಡು. ಗಣೇಶಗುಡಿಯಲ್ಲಿ ಉಳಿದೆವು. ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ನಿಂತಿದೆ. ನಾವಿದ್ದಾಗ ನೀರಿನ ಸಮಯ ಹೊಂದಲಿಲ್ಲ, ಮಗ ಮುನಿಸಿಕೊಂಡ. ಬೆಳಗ್ಗೆ ಮಂಗಟ್ಟೆಗಳು ಅಂಗಳದ ಮರಕ್ಕೇ ಬಂದವು. ರೆಕ್ಕೆಯ ಸದ್ದು ಕೇಳಿ ಅಪ್ಪ ಹೆಲಿಕಾಪ್ಟರ್ ಅಂದುಕೊಂಡು ಹೊರಗೆ ಬಂದರು.

ಇಲ್ಲಿಂದ ಮುಂದೆ ನಮ್ಮ ವಿಧಾನದ ಮಜಾ. ಶಿರಸಿ, ಸಿದ್ದಾಪುರ, ಜೋಗ, ಸಾಗರ, ತೀರ್ಥಹಳ್ಳಿ, ಶೃಂಗೇರಿ. ತಿರುವು ಇದೆ, ಘಾಟಿ ಇಲ್ಲ. ಶಿರಸಿಯಲ್ಲಿ ಎರಡು ದಿನ ಹಿಂಗಾರು ಮಳೆ ಹಿಡಿಯಿತು. ತೊಡೆದೇವು ತಿನ್ನುತ್ತಾ ಕೂತೆವು. ಅದೇ ಮಳೆಯಿಂದ ಜೋಗದಲ್ಲಿ ನೀರು ಚೆನ್ನಾಗಿತ್ತು, ಮಂಜು ಸರಿಯಲು ಒಂದೂವರೆ ಗಂಟೆ ಕಾಯಬೇಕಾಯಿತು ಅಷ್ಟೇ. ಸಾಗರದಿಂದ ಸಿಗಂದೂರಿಗೆ ಆಗ ಇನ್ನೂ ಲಾಂಚ್ ಇತ್ತು. ಗಾಡಿ ಸಮೇತ ಹಿನ್ನೀರು ದಾಟಿದ್ದು ಮಕ್ಕಳಿಗೆ ಇಡೀ ಪ್ರವಾಸಕ್ಕಿಂತ ದೊಡ್ಡದು. 2025ರ ಜುಲೈನಲ್ಲಿ ಸೇತುವೆ ಆಗಿದೆ, ಈಗ ಹೋಗುವವರಿಗೆ ಸಮಯ ಉಳಿಯುತ್ತೆ. ನೀವು ಡಿಸೆಂಬರ್ ಕಳೆದು ಹೋಗುವುದಾದರೆ ಈ ಭಾಗದ ಕಾಡಿನೊಳಗೆ ಕಾಲ್ನಡಿಗೆ ಬೇಡ. ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ ಅದು. ಅಕ್ಟೋಬರ್‌ನಲ್ಲಿ ಇಂಬಳ ಮಾತ್ರ, ಅದಕ್ಕೆ ಉಪ್ಪಿದೆ.

ಆಗುಂಬೆಯಲ್ಲಿ ಸೂರ್ಯಾಸ್ತದ ಜಾಗದವರೆಗೆ ಹೋಗಿ, ಘಾಟಿಯನ್ನು ಮೇಲಿಂದ ನೋಡಿ, ಇಳಿಯದೆ ವಾಪಸ್ ತಿರುಗಿದೆವು. ಅಮ್ಮನಿಗೆ ಅದಕ್ಕಿಂತ ಖುಷಿ ಬೇರೆ ಇರಲಿಲ್ಲ.

ಕೊನೆಯ ದಿನ ಹನ್ನೆರಡರ ನಿಯಮ ಮುರಿದೆವು. ಶೃಂಗೇರಿಯಿಂದ ಕೆರೆಕಟ್ಟೆ ಮೇಲೆ ಕುದುರೆಮುಖ, ಕಳಸ, ಮೂಡಿಗೆರೆ, ಹಾಸನ, ಮೈಸೂರು. ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಅದರೊಳಗೆ ಇನ್ನೊಂದು ತುದಿ ಸೇರಬೇಕು. ಆ ಹುಲ್ಲುಗಾವಲು ನೋಡಿ ನಿಲ್ಲಿಸಲಾಗದೆ ಹೋಗುವುದು ಕಷ್ಟವೇ. 2005ರ ಕೊನೆಯಲ್ಲಿ ಗಣಿ ನಿಂತಮೇಲೆ ಖಾಲಿಯಾದ ಕುದುರೆಮುಖ ಪಟ್ಟಣದ ಸಾಲು ಮನೆಗಳನ್ನು ಅಪ್ಪ ಸುಮ್ಮನೆ ನೋಡುತ್ತಾ ಕೂತಿದ್ದರು. ಅವರ ಸ್ನೇಹಿತರೊಬ್ಬರು ಅಲ್ಲಿ ಕೆಲಸದಲ್ಲಿದ್ದರಂತೆ.

ಖರ್ಚು, ನೆನಪಿನಿಂದ. ಡೀಸೆಲ್ ಲೀಟರಿಗೆ 90ರ ಹತ್ತಿರ ಇತ್ತು, ಗಾಡಿ ಹನ್ನೆರಡರ ಮೇಲೆ ಕೊಟ್ಟಿತು, ಹನ್ನೊಂದು ಸಾವಿರ ಹಿಡಿಯಿರಿ. ಟೋಲ್ ಸಾವಿರದೊಳಗೆ. ಉಳಿದುಕೊಳ್ಳಲು ಐವತ್ತೈದು, ಅದರಲ್ಲಿ ಕೆಲವು ಕಡೆ ಊಟವೂ ಸೇರಿದೆ. ಹೊರಗಿನ ಊಟ, ಸಫಾರಿ, ಲಾಂಚ್, ಪುನರ್ಪುಳಿ ಶರಬತ್ತು, ಅಮ್ಮ ಕೊಂಡ ಭಟ್ಕಳ ಮಲ್ಲಿಗೆ ಎಲ್ಲ ಸೇರಿ ಇಪ್ಪತ್ತು. ಹೋದ ಅಡ್ವಾನ್ಸ್ ಮತ್ತು ಸುಟ್ಟ ಇನ್ವರ್ಟರ್ ಬಿಟ್ಟು ಒಟ್ಟು ತೊಂಬತ್ತು ಸಾವಿರದ ಆಸುಪಾಸು. ಭಾವ ತರಿಸಿದ್ದ ಟೆಂಪೋ ಟ್ರಾವೆಲರ್ ಕೊಟೇಶನ್ ಇದರ ಅರ್ಧದಷ್ಟು ದಿನಗಳಿಗೇ ಒಂದೂವರೆ ಲಕ್ಷ ಇತ್ತು. ಬಂದ ವಾರ ಗಾಡಿ ಸರ್ವಿಸ್‌ಗೆ ಬಿಟ್ಟೆ. ಮೆಕ್ಯಾನಿಕ್ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ, "ಎಲ್ಲಿ ಹೋಗಿದ್ರಿ ಸರ್, ಇನ್ನೂ ಹತ್ತು ಸಾವಿರ ಕಿಲೋಮೀಟರ್ ಓಡುತ್ತೆ" ಅಂದ.